ಕಾಫಿ ಚಿಗುರಿನಲ್ಲಿ ಎಸ್‌ಎನ್2

ಹೂಮಳೆ ಬಿದ್ದ ಮೇಲೆ ಚಿಕ್ಕಮಗಳೂರಿನ ಯಾವುದೇ ತೋಟಕ್ಕೆ ಹೋಗಿ ಅರೇಬಿಕಾ ಗಿಡದ ತುದಿ ಚಿಗುರನ್ನು ನೋಡಿ. ಕೆಲವು ಗಿಡಗಳಲ್ಲಿ ತಾಮ್ರದ ಬಣ್ಣ, ಕೆಲವದರಲ್ಲಿ ತಿಳಿಹಸಿರು. ಮುಟ್ಟಿದರೆ ಬಾಡುವಷ್ಟು ಎಳೆಯದಾದ ಆ ಎಲೆಯಲ್ಲಿ ಆಗಲೇ ಕೆಫೀನ್ ತಯಾರಾಗುತ್ತಿರುತ್ತದೆ. ಅದು ತಯಾರಾಗುವುದು ನಮ್ಮ ಪಿಯುಸಿ ಮಕ್ಕಳು ಪರೀಕ್ಷೆಗೆಂದು ಉರುಹೊಡೆಯುವ ಎಸ್‌ಎನ್2 ಎಂಬ ರಾಸಾಯನಿಕ ಕ್ರಿಯೆಯ ದಾರಿಯಲ್ಲೇ.

ಎಲೆಕ್ಟ್ರಾನ್ ಜೋಡಿ ಇಟ್ಟುಕೊಂಡ ನ್ಯೂಕ್ಲಿಯೋಫೈಲ್ ಒಂದು ಕಾರ್ಬನ್ನಿಗೆ ಬಂದು ಸೇರುತ್ತದೆ, ಅಲ್ಲಿದ್ದ ಗುಂಪು ಬಿಟ್ಟು ಹೋಗುತ್ತದೆ. ಇದೇ ಸ್ಥಾನಪಲ್ಲಟ, ಎಸ್‌ಎನ್1 ಮತ್ತು ಎಸ್‌ಎನ್2 ಅದರ ಎರಡು ದಾರಿಗಳು. ಯಾರು ಮೊದಲು, ಹೋಗುವವರೋ ಬರುವವರೋ? ಲಂಡನ್ನಿನಲ್ಲಿ ರಸಾಯನ ವಿಜ್ಞಾನಿಗಳಾದ ಇಂಗೋಲ್ಡ್ ಮತ್ತು ಹ್ಯೂಸ್ 1930ರ ದಶಕದಲ್ಲಿ ಕ್ರಿಯೆಯ ವೇಗ ಅಳೆದು ಇದನ್ನು ಬಿಡಿಸಿದರು.

ಹಾಸನದಿಂದ ಚಿಕ್ಕಮಗಳೂರಿಗೆ ಹೊರಟ ತುಂಬಿದ ಬಸ್ಸನ್ನು ನೆನೆಸಿಕೊಳ್ಳಿ. ಕೂತವರು ಬೇಲೂರಿನಲ್ಲಿ ಇಳಿದರಷ್ಟೇ ಸೀಟು. ನಿಂತವರು ಹತ್ತಾಗಲಿ ಇಪ್ಪತ್ತಾಗಲಿ, ಸೀಟು ಬೇಗ ಸಿಗುವುದಿಲ್ಲ. ಎಸ್‌ಎನ್1 ಹೀಗೆ. ಟರ್ಷರಿ ಬ್ಯುಟೈಲ್ ಬ್ರೋಮೈಡ್‌ನಿಂದ ಬ್ರೋಮೈಡ್ ನಿಧಾನವಾಗಿ ಕಳಚಿಕೊಂಡು ಧನ ವಿದ್ಯುದಂಶದ ಕಾರ್ಬೊಕ್ಯಾಟಯಾನ್ ಉಳಿಯುತ್ತದೆ, ಆಮೇಲೆ ನೀರು ಬಂದು ಸೇರುತ್ತದೆ. ನ್ಯೂಕ್ಲಿಯೋಫೈಲ್ ಎಷ್ಟು ಹೆಚ್ಚಿಸಿದರೂ ವೇಗ ಹೆಚ್ಚದು.

ಮಿಥೈಲ್ ಬ್ರೋಮೈಡಿಗೆ ಹೈಡ್ರಾಕ್ಸೈಡ್ ಹಾಕಿದರೆ ಕಥೆ ಬೇರೆ, ಅದು ಎಸ್‌ಎನ್2. ಹೈಡ್ರಾಕ್ಸೈಡ್ ದುಪ್ಪಟ್ಟಾದರೆ ವೇಗವೂ ದುಪ್ಪಟ್ಟು. ಬಂಧ ಕಟ್ಟುವುದು, ಮುರಿಯುವುದು ಒಟ್ಟಿಗೇ ನಡೆಯುತ್ತವೆ. ಅದೂ ಹಿಂಬದಿಯಿಂದ. ಮೂಡಿಗೆರೆಯ ಮಳೆಗಾಳಿಗೆ ಛತ್ರಿ ಉಲ್ಟಾ ಆಗುವಂತೆ ಕಾರ್ಬನ್ನಿನ ಉಳಿದ ಮೂರು ಬಂಧಗಳು ಆ ಕಡೆಗೆ ಮಗುಚಿಕೊಳ್ಳುತ್ತವೆ. ಇಂಥ ಮಗುಚುವಿಕೆಯನ್ನು ರಸಾಯನ ವಿಜ್ಞಾನಿ ಪಾಲ್ ವಾಲ್ಡನ್ 1896ರಲ್ಲೇ ಕಂಡಿದ್ದರು, ಕಾರಣ ಮಾತ್ರ ಬಹಳ ಕಾಲ ಬಗೆಹರಿಯಲಿಲ್ಲ.

1 ಮತ್ತು 2 ಅಂದರೆ ಹಂತಗಳ ಲೆಕ್ಕ ಎಂದು ಎಷ್ಟೋ ಮಕ್ಕಳು ತಿಳಿದಿರುತ್ತಾರೆ. ಅಲ್ಲ. ಎಸ್‌ಎನ್2 ಒಂದೇ ಹಂತದಲ್ಲಿ ಮುಗಿಯುತ್ತದೆ, ಎಸ್‌ಎನ್1ಕ್ಕೇ ಹೆಚ್ಚು ಹಂತ ಬೇಕು. ನಿಧಾನದ ಹಂತದಲ್ಲಿ ಎಷ್ಟು ಕಣಗಳು ಭಾಗಿ ಎಂಬುದನ್ನು ಆ ಅಂಕಿ ಹೇಳುತ್ತದೆ. ಇದೊಂದನ್ನು ಮೊದಲ ದಿನವೇ ಹೇಳಿಕೊಟ್ಟರೆ ಅರ್ಧ ಗೊಂದಲ ಹೋಗುತ್ತದೆ.

ಮತ್ತೆ ಚಿಗುರಿಗೆ ಬರೋಣ. ಎಸ್-ಅಡಿನೊಸಿಲ್ ಮೆಥಿಯೋನಿನ್ ಎಂಬ ಅಣುವಿನ ಗಂಧಕಕ್ಕೆ ಒಂದು ಮಿಥೈಲ್ ಗುಂಪು (ಒಂದು ಕಾರ್ಬನ್, ಮೂರು ಹೈಡ್ರೋಜನ್) ಅಂಟಿರುತ್ತದೆ. ಕಿಣ್ವವೊಂದು ಅದನ್ನೂ, ಕೆಫೀನ್‌ಗಿಂತ ಒಂದು ಮಿಥೈಲ್ ಕಡಿಮೆ ಇರುವ ಥಿಯೋಬ್ರೋಮಿನ್ ಅನ್ನೂ ಹತ್ತಿರ ತಂದು ಕೂರಿಸುತ್ತದೆ. ಥಿಯೋಬ್ರೋಮಿನ್‌ನ ಸಾರಜನಕ ಹಿಂದಿನಿಂದ ಬಂದು ಮಿಥೈಲ್ ಅನ್ನು ಹಿಡಿಯುತ್ತಿದ್ದಂತೆ ಗಂಧಕ ಬಿಟ್ಟುಕೊಡುತ್ತದೆ, ಕೆಫೀನ್ ಸಿದ್ಧ. ಇಲ್ಲಿ ಎಸ್‌ಎನ್1 ನಡೆಯದು: ಒಂಟಿ ಮಿಥೈಲ್ ಕ್ಯಾಟಯಾನ್ ಅಷ್ಟು ಅಸ್ಥಿರ. ಅದೇ ಮಿಥೈಲಿನ ಹಿಂಬದಿ ಮೂರು ಪುಟ್ಟ ಹೈಡ್ರೋಜನ್‌ಗಳ ನಡುವೆ ತೆರೆದೇ ಇರುತ್ತದೆ. ಒಂದು ಕೆಫೀನ್ ಅಣುವಿನಲ್ಲಿ ಇಂಥ ಮಿಥೈಲ್ ಮೂರು, ಮೂರನ್ನೂ ಗಿಡ ಹೀಗೆಯೇ ಒಂದೊಂದಾಗಿ ಜೋಡಿಸುತ್ತದೆ. ರೊಬಸ್ಟಾ ಗಿಡವಂತೂ ತನ್ನ ಬೀಜಕ್ಕೆ ಅರೇಬಿಕಾದ ಹೆಚ್ಚುಕಡಿಮೆ ದುಪ್ಪಟ್ಟು ಕೆಫೀನ್ ತುಂಬುತ್ತದೆ.