ದೇವರಿಲ್ಲ ಅಂತ ಬಾಯಿಬಿಟ್ಟು ಹೇಳಿದರೆ ಅದೂ ಮೂಢನಂಬಿಕೆಯೇ?

ಪ್ರಶ್ನೆ: ನಾನು ದೇವರನ್ನು ನಂಬುವುದಿಲ್ಲ. ಮನೆಯಲ್ಲೂ ಊರಲ್ಲೂ ಎಲ್ಲರಿಗೂ ಗೊತ್ತು. ಸುಮ್ಮನಿದ್ದಷ್ಟು ದಿನ ಯಾರದೂ ತಕರಾರಿಲ್ಲ. ಬಾಯಿಬಿಟ್ಟರೆ ಮಾತ್ರ, “ನಿಂದೂ ಒಂದು ಮೂಢನಂಬಿಕೇನೇ ಕಣಪ್ಪ. ಅವರು ಇದಾನೆ ಅಂತಾರೆ, ನೀನು ಇಲ್ಲ ಅಂತೀಯ, ಅಷ್ಟೇ” ಅನ್ನುತ್ತಾರೆ. ಇದು ಸರಿಯೇ?
— ಗೌರಿಬಿದನೂರು ತಾಲ್ಲೂಕಿನ ಓದುಗರು

ಉತ್ತರ: ಕೆಲವು ನಾಸ್ತಿಕರ ವಿಷಯದಲ್ಲಿ ಖಂಡಿತ ಸರಿ. ನೀವು ಆ ಪೈಕಿಯೋ ಅಲ್ಲವೋ ಎಂದು ತಿಳಿಯುವ ದಾರಿಯನ್ನು ನಿಮ್ಮ ತಾಲ್ಲೂಕಿನವರೇ ಒಬ್ಬರು ತೋರಿಸಿಕೊಟ್ಟಿದ್ದಾರೆ.

ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು (ಎಚ್ಚೆನ್) ಖಾದಿ ತೊಟ್ಟ ಗಾಂಧಿವಾದಿ, ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ಮಾಡಿದರು. ದೇವರು ಇದ್ದಾನೋ ಇಲ್ಲವೋ ಎಂದು ತೀರ್ಪು ಕೊಡುವುದು ಆ ಸಮಿತಿಯ ಕೆಲಸವಾಗಿರಲಿಲ್ಲ. ಬರಿಗೈಯಿಂದ ವಿಭೂತಿ, ಉಂಗುರ ಬರುತ್ತದೆ ಎನ್ನುವುದಾದರೆ ನಾವು ನೋಡುವಂತೆ ಮಾಡಿ ತೋರಿಸಿ, ಅಷ್ಟೇ ಕೇಳಿದ್ದು. ಸತ್ಯಸಾಯಿ ಬಾಬಾ ಅವರಿಗೆ ಎಚ್ಚೆನ್ ಪತ್ರ ಬರೆದರು, ಒಪ್ಪಿಗೆ ಬರಲಿಲ್ಲ. ಗದ್ದಲವೋ ಗದ್ದಲ. ಹಠಮಾರಿ ಎನ್ನಿಸಿಕೊಂಡದ್ದು ಮಾತ್ರ ಪತ್ರ ಬರೆದವರು!

ಬಾಬಾ ಪರೀಕ್ಷೆಗೆ ನಿಂತು ಗೆದ್ದಿದ್ದರೆ ಏನಾಗುತ್ತಿತ್ತು, ಯೋಚಿಸಿ. ಎಲ್ಲರೆದುರು ಎಚ್ಚೆನ್ ಸೋಲುತ್ತಿದ್ದರು. ತಾನು ಸೋಲುವುದಕ್ಕೂ ದಾರಿ ಬಿಟ್ಟು ಪ್ರಶ್ನೆ ಕೇಳುವವನನ್ನು ಮೂಢನಂಬಿಕೆಯವನು ಎನ್ನಲಾಗದು, ಅವನ ದನಿ ಎಷ್ಟೇ ಜೋರಿರಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಿಲ್ಟನ್ ರೋಕೀಚ್ 1960ರಲ್ಲಿ ಬಹುಮಟ್ಟಿಗೆ ಇದನ್ನೇ ವಾದಿಸಿದ: ಮನಸ್ಸು ಮುಚ್ಚಿದೆಯೋ ತೆರೆದಿದೆಯೋ ಎಂಬುದು ಏನನ್ನು ನಂಬುತ್ತೀರಿ ಎಂಬುದರಿಂದಲ್ಲ, ಹೇಗೆ ನಂಬುತ್ತೀರಿ ಎಂಬುದರಿಂದ ಗೊತ್ತಾಗುತ್ತದೆ. ಎಡ, ಬಲ ಎರಡೂ ಕಡೆ ಮುಚ್ಚಿದ ಮನಸ್ಸುಗಳಿವೆ.

ಹಾಗಾಗಿ “ಮಠ ಗುಡಿಗಳಿಂದ ನಾಡಿಗೆ ಬಂದಿದ್ದೆಲ್ಲ ಕೇಡೇ” ಎಂದು ಭಾಷಣ ಬಿಗಿಯುವ ವಿಚಾರವಾದಿಯನ್ನು ನಾನು ತುಮಕೂರಿನ ಸಿದ್ಧಗಂಗೆಗೆ ಕಳಿಸುತ್ತೇನೆ. ಸಾವಿರಾರು ಬಡ ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಕೊಟ್ಟ ಮಠ ಅದು. ಅದನ್ನು ಕಂಡ ಮೇಲೂ ಮಾತು ಒಂದಿಷ್ಟೂ ಬದಲಾಗದಿದ್ದರೆ, ನಿಮ್ಮನ್ನು ಹಂಗಿಸಿದವರ ಮಾತು ಅವನಿಗೆ ಸರಿಯಾಗಿ ಹೊಂದುತ್ತದೆ.

ಇನ್ನು ಜನ ಯಾಕೆ ಸಿಡುಕುತ್ತಾರೆ ಎಂಬುದು. 2017ರಲ್ಲಿ ಭಾರತವೂ ಸೇರಿ 13 ದೇಶಗಳ ಮೂರು ಸಾವಿರಕ್ಕೂ ಹೆಚ್ಚು ಜನರನ್ನಿಟ್ಟುಕೊಂಡು ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಒಬ್ಬ ಕ್ರೂರಿಯ ಕಥೆ ಓದಿಸಿದರೆ, ಅವನು ನಾಸ್ತಿಕನೇ ಇರಬೇಕು ಎಂದು ಒಟ್ಟಾರೆ ಜನರ ಮನಸ್ಸು ತಟ್ಟನೆ ಎಣಿಸುತ್ತದೆ. ತಮಾಷೆಯೆಂದರೆ ನಾಸ್ತಿಕರೂ ಹಾಗೇ ಎಣಿಸಿದ್ದರು. ದೇವರ ಭಯ ಇಲ್ಲದವನಿಗೆ ಇನ್ಯಾರ ಭಯ ಎಂಬ ಲೆಕ್ಕ.

ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ ಎಂದು ನನ್ನ ಅನಿಸಿಕೆ. ನೀವು ಏನು ನಂಬುತ್ತೀರಿ ಎಂದು ಊರಲ್ಲಿ ಯಾರೂ ಕೇಳುವುದಿಲ್ಲ. ಬಂದೆಯೋ ಇಲ್ಲವೋ ಎಂದು ಕೇಳುತ್ತಾರೆ. ಊರಮ್ಮನ ಹಬ್ಬಕ್ಕೆ ಮನೆಗಿಷ್ಟು ಅಂತ ಚಂದಾ ಎತ್ತುವಾಗ ನೀವು ಕೈ ಬಿಚ್ಚಿದಿರೋ ಇಲ್ಲವೋ, ನಿಮ್ಮ ಮನೆಯಿಂದ ತಂಬಿಟ್ಟಿನ ಆರತಿ ಹೊರಟಿತೋ ಇಲ್ಲವೋ. ಬಾಗೇಪಲ್ಲಿ ಕಡೆ ಕಲ್ಲುದೇವರ ಪೂಜೆಯನ್ನು ಮೂದಲಿಸಿದ ತೆಲುಗು ಕವಿ ವೇಮನನ ಪದ್ಯಗಳನ್ನು ತಲೆದೂಗುತ್ತಾ ಹೇಳುವ ಹಿರಿಯರಿದ್ದಾರೆ. ವೇಮನ ಯೋಗಿ, ಕಾಲವಾಗಿ ಶತಮಾನಗಳಾದವು, ಚಂದಾ ತಪ್ಪಿಸುವ ಪ್ರಶ್ನೆಯೇ ಇಲ್ಲ. ನೀವಾದರೋ ಪಕ್ಕದ ಮನೆಯವರು. ಇನ್ನು ಗುಡಿಯೊಳಗೇ ಬಿಟ್ಟುಕೊಳ್ಳದ ಕೇರಿಯವನು ಇದೇ ಮಾತಾಡಿದರೆ ಅದರ ತೂಕವೂ ಬೇರೆ, ಅಪಾಯವೂ ಬೇರೆ. ಅವನ ಪ್ರಶ್ನೆ ದೇವರಿಗಷ್ಟೇ ಅಲ್ಲ, ಬಾಗಿಲು ಕಾಯುವವರಿಗೂ ತಾಗುತ್ತದೆ.

ಕಾನೂನಿನ ಮಾತು ಚಿಕ್ಕದು. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮಕ್ಕಿಂತ ಮೊದಲು ಬರುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದದ್ದು 42ನೇ ತಿದ್ದುಪಡಿ. ಅದೂ 1976ರದ್ದೇ. ಆದರೆ ಇದನ್ನು ಚಂದಾ ಕೇಳಲು ಬಂದವರ ಮುಂದೆ ಓದಬೇಡಿ.

ಮುಂದಿನ ಸಲ ಯಾರಾದರೂ “ನಿಂದೂ ಮೂಢನಂಬಿಕೆ” ಎಂದರೆ, “ಏನು ಕಂಡರೆ ನಾನು ಮನಸ್ಸು ಬದಲಾಯಿಸುತ್ತೇನೆ ಅಂದರೆ ಇದು” ಎಂದು ಮೊದಲು ನಿಮ್ಮದನ್ನು ಹೇಳಿ, ಆಮೇಲೆ ಅವರದನ್ನು ಕೇಳಿ. ಹೇಳಲು ನಿಮ್ಮಲ್ಲಿ ಏನೂ ಇಲ್ಲದಿದ್ದರೆ ಅವರ ಮಾತನ್ನು ಒಪ್ಪಿಕೊಳ್ಳಿ. ಚಂದಾ ವಿಷಯಕ್ಕೆ ಬಂದರೆ, ನಾನಾದರೆ ಅನ್ನಸಂತರ್ಪಣೆಯ ಲೆಕ್ಕಕ್ಕೆ ಕೊಟ್ಟು ಎಲೆ ಮುಂದೆ ಕೂರುತ್ತೇನೆ. ಗುಡಿ ಮುಂದಿನ ಪ್ರಾಣಿಬಲಿಯ ಲೆಕ್ಕಕ್ಕಾದರೆ ಇಲ್ಲ. ಅದನ್ನು ನಿಷೇಧಿಸಿ 1959ರಲ್ಲೇ ರಾಜ್ಯದ ಕಾಯ್ದೆ ಬಂದಿದೆ, ಬೇಡ ಎನ್ನಲು ನಾಸ್ತಿಕನೇ ಆಗಬೇಕಿಲ್ಲ.