ಕಲಬೆರಕೆಯಿಂದಲೇ ಬದುಕುವ ಪ್ರೋಕ್ಲೊರೊಕಾಕಸ್

‘ಶೇಕಡ 99.9ರಷ್ಟು ಕೀಟಾಣುಗಳ ನಾಶ’ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಪ್ರೋಕ್ಲೊರೊಕಾಕಸ್ ನೆನಪಾಗುತ್ತದೆ. ಈ ಕಡಲ ಸಯನೋಬ್ಯಾಕ್ಟೀರಿಯಾದ (ದ್ಯುತಿಸಂಶ್ಲೇಷಣೆ ನಡೆಸುವ ಬ್ಯಾಕ್ಟೀರಿಯಾ) ಗಾತ್ರ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಬೆಚ್ಚಗಿನ ಸಾಗರಗಳ ನಡುನೀರಿನಲ್ಲಿ ಒಂದು ಮಿಲಿಲೀಟರಿಗೆ ಲಕ್ಷದಷ್ಟು ಸಿಗುವುದುಂಟು. ನಮ್ಮ ಅರಬ್ಬಿ ಸಮುದ್ರದಲ್ಲೂ ಇದೆ. ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಜೀವಿಗಳಲ್ಲಿ ಸಂಖ್ಯೆಯಲ್ಲಿ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ. ಇಷ್ಟು ಗಟ್ಟಿಗ ಜೀವಿಯ ಕೆಲವೇ ಕೋಶಗಳನ್ನು ಶುಭ್ರವಾದ ಗಾಜಿನ ಕೊಳವೆಗೆ ಹಾಕಿ, ಬೇರೆ ಯಾವ ಬ್ಯಾಕ್ಟೀರಿಯಾವೂ ಸುಳಿಯದಂತೆ ಕಾಪಾಡಿ ನೋಡಿ. ಬಹುತೇಕ ಸತ್ತುಹೋಗುತ್ತದೆ.

1980ರ ದಶಕದ ನಡುವಿನವರೆಗೆ ಇದೊಂದು ಇದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ವಿಜ್ಞಾನಿಗಳಾದ ಸ್ಯಾಲಿ ಚಿಶೋಮ್ ಮತ್ತು ರಾಬರ್ಟ್ ಓಲ್ಸನ್ ಹಡಗಿನ ಮೇಲೆ, ಕೋಶಗಳನ್ನು ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸಿ ಎಣಿಸುವ ಫ್ಲೋ ಸೈಟೋಮೀಟರ್ ಎಂಬ ಯಂತ್ರ ಇಟ್ಟುಕೊಂಡು ಕಡಲ ನೀರು ಹಾಯಿಸುತ್ತಿದ್ದಾಗ ಮಂಕಾದ ಕೆಂಪು ಹೊಳಪಿನ ಸಂಕೇತಗಳು ಕಂಡವು. ಮೊದಲು ಅದನ್ನು ಯಂತ್ರದ ಗದ್ದಲವೆಂದೇ ಭಾವಿಸಿದ್ದರಂತೆ. 1988ರಲ್ಲಿ ವರದಿ ಪ್ರಕಟವಾಯಿತು. ಸಾರ್ಗಾಸೋ ಸಮುದ್ರದ 120 ಮೀಟರ್ ಆಳದಿಂದ ತಂದ ತಳಿಗೆ ಎಸ್‌ಎಸ್120 ಎಂದು ಹೆಸರಾಯಿತು. ಕಂಡುಹಿಡಿದಿದ್ದೇನೋ ಸರಿ, ಸಾಕುವ ಕಷ್ಟ ಶುರುವಾಗಿದ್ದು ಆಮೇಲೆ.

ಇದರ ಮಡಿವಂತಿಕೆಗೆ ಮಿತಿಯಿಲ್ಲ. ಪಾತ್ರೆಗಳನ್ನು ಆಮ್ಲದಲ್ಲಿ ನೆನೆಸಿ, ಅತಿಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಬೇಕು. ಸೋಪಿನ ಲೇಶವೂ ಉಳಿಯಕೂಡದು. ತಾಮ್ರದ ಅಂಶ ತುಸು ಹೆಚ್ಚಾದರೂ ವಿಷ. ಸೋಸಿ ಕ್ರಿಮಿಶುದ್ಧಗೊಳಿಸಿದ ನಿಜವಾದ ಕಡಲನೀರಿಗೆ ಅಮೋನಿಯಂ, ಫಾಸ್ಫೇಟ್ ಮತ್ತು ಕಬ್ಬಿಣದಂಥ ಲೋಹಗಳನ್ನು ಲೆಕ್ಕಹಾಕಿ ಸೇರಿಸಿದ್ದೇ ಇದರ ಊಟ. ಎಸ್‌ಎಸ್120ರಂಥ ಆಳದ ತಳಿಗಳಿಗೆ ಮಬ್ಬು ನೀಲಿ ಬೆಳಕು ಸಾಕು, ಬಿರುಬಿಸಿಲು ತಾಗಿದರೆ ಕಥೆ ಮುಗಿಯಿತು. ದಿನವೂ ಫ್ಲೋರೋಮೀಟರಿನಲ್ಲಿ ಕ್ಲೋರೊಫಿಲ್ ಹೊಳಪನ್ನು ಅಳೆಯುತ್ತಾರೆ. ಬೆಳವಣಿಗೆ ಇನ್ನೂ ಏರುಮುಖದಲ್ಲಿ ಇರುವಾಗಲೇ, ಮೊಸರು ಹುಳಿಯಾಗುವ ಮೊದಲೇ ಹೆಪ್ಪಿಗೆ ತೆಗೆದಿಡುವಂತೆ, ಸ್ವಲ್ಪವನ್ನು ಹೊಸ ದ್ರಾವಣಕ್ಕೆ ವರ್ಗಾಯಿಸಬೇಕು. ಭಾನುವಾರವೆಂದು ತಡಮಾಡಿದವರು ಸೋಮವಾರ ಬಣ್ಣಗೆಟ್ಟ ಕೊಳವೆಗಳನ್ನು ನೋಡಬೇಕಾದೀತು.

ಇಷ್ಟೆಲ್ಲ ಮಾಡಿದರೂ ಶುದ್ಧ ಕಲ್ಚರ್, ಅಂದರೆ ಬೇರೆ ಯಾವ ಜೀವಿಯೂ ಬೆರೆಯದ ಕೃಷಿ, ಸುಲಭವಾಗಿ ಕೈಗೆ ಸಿಗುತ್ತಿರಲಿಲ್ಲ. ಒಂದೇ ಜಾತಿಯ ಜೀವಿಯನ್ನು ಬೇರ್ಪಡಿಸಿ ಬೆಳೆಸುವ ಪದ್ಧತಿ 1880ರ ದಶಕದಲ್ಲಿ ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕೋಖ್ ಅವರ ಪ್ರಯೋಗಾಲಯದಿಂದ ಬಂದದ್ದು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ, ತನ್ನ ಅಡುಗೆಮನೆಯ ಜೆಲ್ಲಿಗೆ ಬಳಸುತ್ತಿದ್ದ, ಕಡಲಪಾಚಿಯಿಂದ ತೆಗೆಯುವ ಅಗರ್ ಅನ್ನು ಸೂಚಿಸಿದಳು. ಇಂದಿಗೂ ಜಗತ್ತಿನ ಪ್ರಯೋಗಾಲಯಗಳು ಅದರ ಮೇಲೆಯೇ ನಡೆಯುತ್ತಿವೆ. (ಕೋಖ್‌ಗೆ ನೊಬೆಲ್ ಬಂತು. ಫ್ಯಾನಿಯ ಹೆಸರು ಎಷ್ಟು ಪಠ್ಯಪುಸ್ತಕಗಳಲ್ಲಿದೆ?) ಅಗರ್ ತಟ್ಟೆಯ ಮೇಲೆ ಒಂದೊಂದು ಕೋಶವೂ ಬೇರೆಯಾಗಿ ಕೂತು ತನ್ನದೇ ಗುಂಪನ್ನು ಬೆಳೆಸಬೇಕು. ಪ್ರೋಕ್ಲೊರೊಕಾಕಸ್ ಇದಕ್ಕೆ ಸುತರಾಂ ಒಪ್ಪಲಿಲ್ಲ.

2008ರಲ್ಲಿ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದವರು ಹೂಡಿದ ಉಪಾಯ ನನಗೆ ಬಹಳ ಇಷ್ಟ. ಕಲ್ಚರಿನಲ್ಲಿ ಕಲಬೆರಕೆಯಾಗಿ ಸೇರಿಕೊಳ್ಳುವ ಆಲ್ಟೆರೊಮೋನಾಸ್‌ನಂಥ ಬ್ಯಾಕ್ಟೀರಿಯಾಗಳನ್ನು ಓಡಿಸುವ ಬದಲು ಬೇಕೆಂದೇ ಬೆರೆಸಿದರು. ತಟ್ಟೆಯ ಮೇಲೆ ಹಸಿರು ಚುಕ್ಕೆಗಳು ಎದ್ದವು! ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಔಷಧವನ್ನು ತಡೆದುಕೊಳ್ಳುವ ಪ್ರೋಕ್ಲೊರೊಕಾಕಸ್‌ನ ತಳಿಯೊಂದನ್ನು ಮೊದಲೇ ಆರಿಸಿಟ್ಟಿದ್ದರು. ಕೊನೆಗೆ ಅದೇ ಔಷಧ ಸುರಿದು ನೆರವಿಗೆ ಬಂದವರನ್ನು ಕೊಂದರು. ಕೃತಘ್ನತೆಯೇ ಸರಿ, ಆದರೆ ಶುದ್ಧ ಕಲ್ಚರ್ ದಕ್ಕಿತು.

ಆ ನೆರವು ಏನೆಂದರೆ, ವಿಷ ತೆಗೆಯುವುದು. ಬಿಸಿಲು ಬಿದ್ದ ಕಡಲನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ತಾನಾಗಿಯೇ ಹುಟ್ಟುತ್ತದೆ. ಗಾಯ ತೊಳೆಯಲು ಬಳಸುವ ದ್ರವದಲ್ಲಿರುವುದೂ ಅದೇ. ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಕಿಣ್ವ ಕ್ಯಾಟಲೇಸ್. ಪ್ರೋಕ್ಲೊರೊಕಾಕಸ್‌ನಲ್ಲಿ ಅದರ ವಂಶವಾಹಿಯೇ ಇಲ್ಲ. ಪ್ರಯೋಗಾಲಯದಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ಆಮ್ಲ-ಕ್ಷಾರದ ಮಟ್ಟ ಏರುಪೇರಾಗದಿರಲೆಂದು ಹಾಕುವ ಹೆಪೀಸ್ ಎಂಬ ಬಫರ್, ಬೆಳಕು ಬಿದ್ದಾಗ ತಾನೇ ಪೆರಾಕ್ಸೈಡ್ ಉತ್ಪಾದಿಸುತ್ತದೆ. ರಕ್ಷಣೆಗೆಂದು ಹಾಕಿದ್ದೇ ಕೊಲ್ಲುತ್ತಿತ್ತು, ಕಲಬೆರಕೆಯೆಂದು ಬೈಸಿಕೊಂಡಿದ್ದು ಉಳಿಸುತ್ತಿತ್ತು. ಪೆರಾಕ್ಸೈಡ್ ಕೋಶದ ಪೊರೆಯನ್ನು ದಾಟಿ ಸಲೀಸಾಗಿ ಓಡಾಡುತ್ತದೆ. ಹಾಗಾಗಿ ಪಕ್ಕದ ಬ್ಯಾಕ್ಟೀರಿಯಾ ತನ್ನ ಪಾಡಿಗೆ ತನ್ನೊಳಗೆ ಸೇರಿದ್ದನ್ನು ಒಡೆಯುತ್ತಿದ್ದರೂ ಸುತ್ತಲಿನ ನೀರೆಲ್ಲ ತಿಳಿಯಾಗುತ್ತದೆ. ಇಲ್ಲಿ ಯಾರೂ ದಾನ ಮಾಡುತ್ತಿಲ್ಲ.

ಇಂಥ ಮುಖ್ಯ ಕಿಣ್ವವನ್ನು ಕಳೆದುಕೊಂಡದ್ದೇಕೆ? ಕ್ಯಾಟಲೇಸ್ ಕಟ್ಟಲು ಕಬ್ಬಿಣ ಬೇಕು, ನಡುಗಡಲಿನಲ್ಲಿ ಕಬ್ಬಿಣ ಬಲು ದುರ್ಲಭ. ನೆರೆಯವರು ಆ ಕೆಲಸ ಮಾಡುತ್ತಿರುವಾಗ ಅದನ್ನು ಬಿಟ್ಟುಕೊಟ್ಟ ಕೋಶಕ್ಕೇ ಲಾಭ. 2012ರಲ್ಲಿ ಇದನ್ನು ‘ಬ್ಲ್ಯಾಕ್ ಕ್ವೀನ್’ ಸಿದ್ಧಾಂತವೆಂದು ಕರೆದರು. ಹಾರ್ಟ್ಸ್ ಎಂಬ ಇಸ್ಪೀಟಾಟದಲ್ಲಿ ಸ್ಪೇಡ್ ರಾಣಿ ತನ್ನ ಕೈಗೆ ಬಾರದಿರಲಿ ಎಂದು ಎಲ್ಲರೂ ನೋಡುತ್ತಾರೆ, ಆದರೆ ಯಾರಾದರೊಬ್ಬರಿಗೆ ಅದು ಬರಲೇಬೇಕು. ಕ್ಯಾಟಲೇಸ್ ಕಟ್ಟುವ ಹೊರೆಯೂ ಹಾಗೆಯೇ. ವಿಕಾಸವೆಂದರೆ ಸದಾ ಹೊಸದನ್ನು ಗಳಿಸುತ್ತ ಹೋಗುವುದು ಎಂದು ನಂಬಿದವರಿಗೆ ಇದು ಜೀರ್ಣವಾಗುವುದು ಕಷ್ಟ.

ಈ ಜೀವಿ ತಾನೊಂದೇ ಏನನ್ನು ತಯಾರಿಸುತ್ತದೆ, ಏನನ್ನು ಹೊರಹಾಕುತ್ತದೆ ಎಂದು ಅಳೆಯಬೇಕಾದರೆ ಇವತ್ತಿಗೂ ಶುದ್ಧ ಕಲ್ಚರ್ ಬೇಕೇ ಬೇಕು. ಅದರ ದ್ರಾವಣಕ್ಕೆ ಪೈರುವೇಟ್ ಎಂಬ ಸಾವಯವ ಪದಾರ್ಥ ಬೆರೆಸುವುದುಂಟು. ಅದು ಪೆರಾಕ್ಸೈಡಿನೊಂದಿಗೆ ನೇರವಾಗಿ ವರ್ತಿಸಿ ಅದನ್ನು ಇಲ್ಲವಾಗಿಸುತ್ತದೆ. ಶುದ್ಧತೆಯ ಪರೀಕ್ಷೆ ಸರಳವಾದದ್ದು: ಕೆಲವು ಹನಿಗಳನ್ನು ಸಾವಯವ ಪೋಷಕಾಂಶ ತುಂಬಿದ ದ್ರಾವಣಕ್ಕೆ ಹಾಕಿ ಕತ್ತಲಲ್ಲಿ ಇಡುತ್ತಾರೆ. ಬೆಳಕಿಲ್ಲದೆ ಪ್ರೋಕ್ಲೊರೊಕಾಕಸ್ ಬೆಳೆಯದು. ಕೆಲವು ದಿನ ಬಿಟ್ಟು ನೋಡಿದಾಗ ದ್ರಾವಣ ಕದಡಿದಂತಿದ್ದರೆ, ಬೇರೆ ಯಾರೋ ಒಳಗಿದ್ದಾರೆ ಎಂದರ್ಥ.