ಬಾಡಿದ ಪೆಟೂನಿಯಾಗೆ ನೀರು ಸುರಿಯುವ ಮುನ್ನ

ಮಧ್ಯಾಹ್ನದ ಬಿಸಿಲಿಗೆ ಬಾಲ್ಕನಿಯ ಪೆಟೂನಿಯಾ ಜೋತುಬಿದ್ದರೆ ಮನೆಯಲ್ಲಿ ಒಬ್ಬರು ನೀರು ತರಲು ಓಡುತ್ತಾರೆ. ಇನ್ನೊಬ್ಬರು ‘ಯಾರದೋ ಕಣ್ಣು ಬಿತ್ತು’ ಎನ್ನುತ್ತಾರೆ. ಎರಡನೆಯವರಿಂದ ಗಿಡಕ್ಕೇನೂ ಹಾನಿಯಿಲ್ಲ. ನನಗೆ ಭಯ ಮೊದಲನೆಯವರದ್ದೇ.

ಪೆಟೂನಿಯಾದ ಎಳೆ ಕಾಂಡವನ್ನು ನಿಲ್ಲಿಸುವುದು ನೀರು. ಪ್ರತಿ ಜೀವಕೋಶದೊಳಗೂ ನೀರು ಗೋಡೆಯನ್ನು ಹೊರಗೆ ತಳ್ಳುತ್ತಿರುತ್ತದೆ. ಆ ಒತ್ತಡ ಕಾರಿನ ಟೈರಿನಲ್ಲಿರುವುದಕ್ಕಿಂತಲೂ ಜಾಸ್ತಿ ಇರಬಹುದು. ಎಲೆಯಿಂದ ಆವಿಯಾಗುವಷ್ಟು ನೀರನ್ನು ಬೇರು ಮೇಲಕ್ಕೆ ಕಳಿಸದಿದ್ದರೆ ಒತ್ತಡ ಇಳಿದು ಗಿಡ ಬಾಡುತ್ತದೆ. ಉರಿಬಿಸಿಲಲ್ಲಿ ಒದ್ದೆ ಮಣ್ಣಿನಲ್ಲಿದ್ದರೂ ಹೀಗಾಗುತ್ತದೆ. ಸಂಜೆಗೆ ತಾನೇ ಎದ್ದು ನಿಂತರೆ ಸುಮ್ನೆ ಬಿಟ್ಟುಬಿಡಿ.

ಬೇರೂ ಉಸಿರಾಡುತ್ತದೆ, ಅದನ್ನೇ ನಾವು ಮರೆಯುವುದು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿಕೊಂಡರೆ ಗಾಳಿಗೆ ಜಾಗವೆಲ್ಲಿ? ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಬೇರಿನ ಕೋಶಗಳು ಹುಳಿಯಾಗುತ್ತವೆ. ಅವುಗಳ ಪೊರೆಯಲ್ಲಿ ನೀರು ನುಗ್ಗುವ ಸಣ್ಣ ದಾರಿಗಳು ಮುಚ್ಚಿಕೊಳ್ಳುತ್ತವೆ. ಹಾಗಾಗಿ ನೀರಲ್ಲೇ ನಿಂತ ಗಿಡವೂ ಬಾಯಾರಿದಂತೆ ಬಾಡುತ್ತದೆ. ಅದಕ್ಕೆ ಮತ್ತೆ ಒಂದು ಚೊಂಬು ನೀರು! ಆಮೇಲೆ ಕೊಳೆರೋಗ ಬರದೆ ಇನ್ನೇನು?

ಬಾಡಿದ್ದು ನೀರಿಲ್ಲದೆಯೋ, ನೀರು ಜಾಸ್ತಿಯಾಗಿಯೋ? ಎಲೆ ನೋಡಿ ಹೇಳುವುದು ಕಷ್ಟ, ಕುಂಡದ ತೂಕ ಹೇಳುತ್ತದೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1724ರ ಬೇಸಿಗೆಯಲ್ಲಿ ಸೂರ್ಯಕಾಂತಿಯ ಕುಂಡದ ಬಾಯಿಗೆ ತೆಳು ಸೀಸದ ತಗಡು ಮುಚ್ಚಿ, 15 ದಿನಗಳ ಮಟ್ಟಿಗೆ ಬೆಳಿಗ್ಗೆ ಸಂಜೆ ತೂಗಿದ. ಮಣ್ಣಿನಿಂದ ಆವಿ ಹೋಗುವಂತಿಲ್ಲ. ಇಳಿದ ತೂಕದಲ್ಲಿ ಬಹುಪಾಲು ಎಲೆ ಬಿಟ್ಟ ನೀರು. ಹಗಲಿಗೆ ಸರಾಸರಿ ಅರ್ಧ ಕಿಲೋಗಿಂತ ಜಾಸ್ತಿ! ನಮಗೆ ತಕ್ಕಡಿಯೂ ಬೇಡ, ಕುಂಡ ಎತ್ತಿ ನೋಡಿದರೆ ಸಾಕು.

ಹಗುರವಾಗಿದ್ದರೆ ಮೇಲಿಂದ ಸುರಿಯಬೇಡಿ. ಪೂರ್ತಿ ಒಣಗಿದ ಕುಂಡದ ಮಣ್ಣು ಬೇಗ ನೀರು ಹೀರದೆ, ನೀರು ಕುಂಡದ ಅಂಚಿನಿಂದ ಇಳಿದುಹೋಗಬಹುದು. ಬಕೆಟ್ಟಿನ ನೀರಿನಲ್ಲಿ ಕುಂಡವನ್ನು ಇಟ್ಟು, ಗುಳ್ಳೆ ನಿಂತ ಮೇಲೆ ತೆಗೆದು ಬಸಿಯಲು ಬಿಡಿ. ಭಾರವಾಗಿದ್ದರೆ ಕೆಳಗಿನ ತಟ್ಟೆ ತೆಗೆದು, ಗಿಡವನ್ನು ನೆರಳಿಗಿಟ್ಟು, ಮಣ್ಣಿನುಂಡೆಯನ್ನು ಮೆಲ್ಲಗೆ ಹೊರಗೆಳೆದು ನೋಡಿ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಬದುಕುತ್ತದೆ. ಕಂದಾಗಿ ಲೋಳೆಯಾಗಿ ನಾರುತ್ತಿದ್ದರೆ ಕೊಳೆತದ್ದನ್ನು ಕತ್ತರಿಸಿ, ಹೊಸ ಮಣ್ಣಿಗೆ ಹಾಕಿ, ಹೂವನ್ನೂ ಕುಡಿಗಳನ್ನೂ ಚಿವುಟಿ. ಉಳಿದ ಬೇರಿಗೆ ಅಷ್ಟು ಎಲೆ ಸಾಕುವ ಶಕ್ತಿ ಇರುವುದಿಲ್ಲ. ಹೂ ಕೀಳಲು ಮನಸ್ಸು ಬರಲ್ಲ, ಗೊತ್ತು.

ಬೇರು ಚೆನ್ನಾಗಿದ್ದೂ ಹಸಿರಾಗಿರುವಾಗಲೇ ಗಿಡ ದಿಢೀರ್ ಕುಸಿದರೆ? ಪೆಟೂನಿಯಾ ಬದನೆ, ಟೊಮೆಟೊಗಳ ಸಂಬಂಧಿ. ಅವುಗಳ ದುಂಡಾಣು ಸೊರಗು ರೋಗ ಇದಕ್ಕೂ ಬರುತ್ತದೆ. ಕಾಂಡದ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಅಲ್ಲಾಡಿಸದೆ ತೂಗುಬಿಡಿ. ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅದೇ ರೋಗ, ಔಷಧಿಯಿಲ್ಲ. ಗಿಡ, ಮಣ್ಣು ಎರಡನ್ನೂ ಕಸಕ್ಕೆ ಹಾಕಿ. ಆ ಮಣ್ಣಿನಲ್ಲಿ ಮೆಣಸಿನಕಾಯಿ ಸಸಿಯನ್ನಂತೂ ನೆಡಬೇಡಿ.